ಎಲ್ಲರೂ ಬೈಯುವ ‘ದಿ ಥರ್ಟೀನ್ತ್ ವಾರಿಯರ್’ ನನಗೆ ಬಲು ಇಷ್ಟ. ಜೊತೆಗೆ ಯಾರಿದ್ದೀರಿ?

ಕೋಟೆಗುಡ್ಡ (ಬಳ್ಳಾರಿ)

‘ದಿ ಥರ್ಟೀನ್ತ್ ವಾರಿಯರ್’ ನೋಡಿದವರು ಇಲ್ಲಿ ಯಾರಾದ್ರೂ ಇದೀರಾ? 1999ರ ಸಿನಿಮಾ. ಆಂಟೋನಿಯೊ ಬಾಂಡೆರಾಸ್ ಹೀರೋ, ‘ಡೈ ಹಾರ್ಡ್’ ತೆಗೆದ ಜಾನ್ ಮೆಕ್‌ಟಿಯರ್ನನ್ ನಿರ್ದೇಶಕ. ಯಾವ ವಿಮರ್ಶೆ ತೆಗೆದು ಓದಿದ್ರೂ ಬೈಗುಳನೇ. ಕಥೆ ಚಿಂದಿ ಚಿಂದಿ, ಪಾತ್ರಗಳು ಮನಸ್ಸಲ್ಲಿ ನಿಲ್ಲಲ್ಲ, ಕೊನೆ ಅವಸರದಲ್ಲಿ ಮುಗಿಸ್ಯಾರೆ ಅಂತ. ಗೆಳೆಯರ ಹತ್ರ ಹೆಸರೆತ್ತಿದ್ರೆ ಸಾಕು, "ಅದೂ ಒಂದು ಸಿನಿಮಾನೇನಪ್ಪಾ" ಅಂತಾರೆ. ನನಗೆ ಮಾತ್ರ ಮಧ್ಯಯುಗದ ಸಾಹಸ ಸಿನಿಮಾಗಳಲ್ಲಿ ಇದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ.

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡ್ತೀನಿ. ಹತ್ತನೇ ಶತಮಾನ. ಬಾಗ್ದಾದಿನ ಅಹ್ಮದ್ ಇಬ್ನ್ ಫದ್ಲಾನ್ ಅನ್ನೋನು ದೊಡ್ಡವರ ಮನೆ ಹೆಣ್ಣಿನ ಮೇಲೆ ಕಣ್ಣು ಹಾಕ್ದ ಅಂತ ರಾಯಭಾರಿ ಮಾಡಿ ಉತ್ತರಕ್ಕೆ ಅಟ್ತಾರೆ. ದಾರಿಯಲ್ಲಿ ಉತ್ತರದ ಯೋಧರ ಬಿಡಾರ ಸಿಗುತ್ತೆ. ಅವರ ದೇಶದ ಒಬ್ಬ ಮುದಿ ರಾಜನ ಹಳ್ಳಿಯನ್ನ ಮಂಜಿನ ಜೊತೆ ಇಳಿದು ಬರೋ ನರಭಕ್ಷಕರು ತಿಂದು ಹಾಕ್ತಿರ್ತಾರೆ. ಕಾಪಾಡೋಕೆ ಹದಿಮೂರು ಜನ ಹೋಗಬೇಕು, ಹದಿಮೂರನೇಯವನು ಉತ್ತರದವನಾಗಿರಬಾರದು ಅಂತ ಕಣಿ ಹೇಳೋಳು ಹೇಳ್ತಾಳೆ. ಪಾಪ, ಕವಿ ಮನುಷ್ಯ ಅಹ್ಮದ್ ಸಿಕ್ಕಿ ಹಾಕ್ಕೊಂತಾನೆ.

ಇದರಲ್ಲಿ ಒಂದು ದೃಶ್ಯ ಐತೆ. ರಾತ್ರಿ ಬೆಂಕಿ ಸುತ್ತ ಹನ್ನೆರಡು ಜನ ಅವರ ಭಾಷೆಯಲ್ಲಿ ಹರಟ್ತಿರ್ತಾರೆ. ಇವನು ಮೂಲೆಯಲ್ಲಿ ಕೂತು ಅವರ ಬಾಯಿ ನೋಡ್ತಾನೆ. ಮೊದಲ ರಾತ್ರಿ ಬರೀ ಗದ್ದಲ. ಇನ್ನೊಂದು ರಾತ್ರಿ ಎಲ್ಲೋ ಒಂದು ಮಾತು ಅರ್ಥ ಆಗುತ್ತೆ, ಮತ್ತೊಂದು ರಾತ್ರಿ ಅರ್ಧ ವಾಕ್ಯ. ಮಳೆ ಬರುತ್ತೆ, ಜಾಗ ಬದಲಾಗುತ್ತೆ, ಇವನು ಕೇಳ್ತಾನೇ ಇರ್ತಾನೆ. ಕೊನೆಗೆ ಒಬ್ಬ ಇವನ ತಾಯಿ ಬಗ್ಗೆ ಕೆಟ್ಟದಾಗಿ ಆಡಿದಾಗ ಇವನು ತಲೆ ಎತ್ತಿ ಅವರ ಭಾಷೆಯಲ್ಲೇ ಉತ್ತರ ಕೊಡ್ತಾನೆ. ಎಲ್ಲರೂ ಸ್ತಬ್ಧ. ಎಲ್ಲಿ ಕಲಿತೆ ಅಂದ್ರೆ, ಕೇಳಿಸಿಕೊಂಡೆ ಅಂತಾನೆ, ಅಷ್ಟೇ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಕೌಲ್ ಬಜಾರಿಗೆ ಹೋದ್ರೆ ದಖನಿ. ನಾವೆಲ್ಲ ಹಿಂಗೇ ಅಲ್ವಾ ಕಲಿತಿದ್ದು? ಬೇರೆ ಯಾವ ಕತ್ತಿ ಕಾಳಗದ ಸಿನಿಮಾದಲ್ಲೂ ಕೇಳಿಸಿಕೊಳ್ಳೋದನ್ನ ಒಂದು ಪರಾಕ್ರಮ ಅಂತ ತೋರಿಸಿದ್ದು ನಾನು ನೋಡಿಲ್ಲ. ಅದಕ್ಕೇ ಈ ಸಿನಿಮಾನ ನಾನು ಬಿಟ್ಟು ಕೊಡಲ್ಲ. ನೀವೇನಂತೀರಿ?

ಸಿಂಧನೂರ ಸೋನಾ

ನಾನೂ ಇದ್ದೀನ್ರಿ. ಆ ಮಂಜು ಗುಡ್ಡದ ಮ್ಯಾಲಿಂದ ಇಳಿಯೋದು, ಅದರಾಗ ಬೆಂಕಿ ಹಾವಿನಂಗ ಹರದು ಬರೋದು... ಹತ್ರ ಬಂದ ಮ್ಯಾಲ ನೋಡಿದ್ರ ಪಂಜು ಹಿಡದ ಕುದುರಿ ಸವಾರರ ಸಾಲು. ಇವತ್ತಿಗೂ ಮೈ ಝುಂ ಅಂತದ.

ರೀಲ್‌ಪ್ರೇಮಿ

ಪ್ರೀತಿ ನಿಮ್ಮದು, ಬೇಡ ಅನ್ನಲ್ಲ. ಆದರೆ ವಿಮರ್ಶಕರು ಸುಳ್ಳು ಹೇಳಿದ್ದಾರೆ ಅಂತ ಮಾತ್ರ ಹೇಳಬೇಡಿ. ಒಂದೇ ಉದಾಹರಣೆ ಕೊಡ್ತೀನಿ. ರಾಜನ ಮಗ ವಿಗ್ಲಿಫ್ ಸಂಚು ಮಾಡ್ತಿದ್ದಾನೆ ಅಂತ ಅರ್ಧ ಗಂಟೆ ಕಟ್ಟುತ್ತಾರೆ. ಅವನಿಗೆ ಬುದ್ಧಿ ಕಲಿಸೋಕೆ ಯೋಧರಲ್ಲೊಬ್ಬನಾದ ಹರ್ಗರ್ ಒಂದು ದ್ವಂದ್ವ ಯುದ್ಧವನ್ನೂ ಮಾಡ್ತಾನೆ, ವಿಗ್ಲಿಫ್‌ನ ಆಳಿನ ತಲೆ ಉರುಳುತ್ತೆ. ಆಮೇಲೆ? ಏನೂ ಇಲ್ಲ. ಆ ಸಂಚು ಏನಾಯ್ತು ಅಂತ ಸಿನಿಮಾಗೇ ನೆನಪಿಲ್ಲ. ಓಲ್ಗಾ ಅನ್ನೋ ಹುಡುಗಿ ಜೊತೆಗಿನ ಪ್ರೇಮವೂ ಹಾಗೇ. ಹನ್ನೆರಡು ಯೋಧರಲ್ಲಿ ನಾಲ್ಕು ಜನರ ಹೆಸರು ಹೇಳಿ ನೋಡೋಣ. ಕಗ್ಗತ್ತಲಲ್ಲಿ ಹೊಡೆದಾಟ, ಯಾರು ಸತ್ತರು ಅಂತ ಗೊತ್ತಾಗೋಕೆ ಬೆಳಗಾಗಬೇಕು.

ಭಾಷೆ ಕಲಿಯೋ ದೃಶ್ಯವೂ ನನಗೆ ಒಂದು ಉಪಾಯ ಅಂತಲೇ ಅನಿಸೋದು. ಎಲ್ಲರೂ ಇಂಗ್ಲಿಷ್ ಮಾತಾಡೋಕೆ ಒಂದು ದಾರಿ ಬೇಕಿತ್ತು, ಮಾಡಿಕೊಂಡರು. ನಾಲ್ಕು ರಾತ್ರಿ ಬೆಂಕಿ ಮುಂದೆ ಕೂತ್ರೆ ಯಾರಿಗೂ ಭಾಷೆ ಬರಲ್ಲ.

ಕೋಟೆಗುಡ್ಡ (ಬಳ್ಳಾರಿ)

ಬುಲಿವೈಫ್, ಹರ್ಗರ್, ಎಡ್ಗ್ಥೊ, ವೆಥ್. ನಾಲ್ಕು ಆಯ್ತು ಸರ್.

ವಿಗ್ಲಿಫ್ ವಿಷಯ ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಅದರ ಹಿಂದೆ ಏನಾಗೈತೆ ಅಂತನೂ ನೋಡ್ರಿ. ಕಾದಂಬರಿ ಮೈಕಲ್ ಕ್ರೈಟನ್‌ದು, 1976ರದ್ದು, ‘ಈಟರ್ಸ್ ಆಫ್ ದಿ ಡೆಡ್’. ಸಿನಿಮಾಕ್ಕೂ ಮೊದಲು ಅದೇ ಹೆಸರು. 1997ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಾಡಲ್ಲಿ ಮೆಕ್‌ಟಿಯರ್ನನ್ ಶೂಟಿಂಗ್ ಮಾಡಿದ. ಜನರಿಗೆ ತೋರಿಸಿ ನೋಡಿದಾಗ ಹಿಡಿಸಲಿಲ್ಲ. ಆಮೇಲೆ ಕ್ರೈಟನ್ ತಾನೇ ಕೂತು ಒಂದಿಷ್ಟು ಭಾಗ ಮತ್ತೆ ಚಿತ್ರೀಕರಿಸಿದ, ಕ್ಲೈಮ್ಯಾಕ್ಸ್ ಬದಲಾಯ್ತು, ಹೆಸರು ಬದಲಾಯ್ತು, ಗ್ರೇಮ್ ರೆವೆಲ್ ಮಾಡಿದ್ದ ಸಂಗೀತ ತೆಗೆದು ಜೆರ್ರಿ ಗೋಲ್ಡ್‌ಸ್ಮಿತ್ ಕೈಲಿ ಹೊಸದು ಮಾಡಿಸಿದ್ರು. ಬಿಡುಗಡೆ ಆಗಿದ್ದು 1999ರ ಆಗಸ್ಟಿಗೆ. ಇಷ್ಟೆಲ್ಲ ಆದ ಮೇಲೂ ಉಳಿದಿದ್ದು 102 ನಿಮಿಷ. ಇಬ್ಬರ ಕೈ ಕಾಣುತ್ತೆ ಅದರಲ್ಲಿ, ಕತ್ತರಿ ಬಿದ್ದ ಜಾಗ ಎಲ್ಲ ಕಾಣುತ್ತೆ. ಅಷ್ಟು ಕತ್ತರಿ ಬಿದ್ದರೂ ಬೆಂಕಿ ಮುಂದಿನ ಆ ದೃಶ್ಯ ಉಳೀತಲ್ಲ, ನನಗೆ ಅದೇ ದೊಡ್ಡದು.

ತೋರಣಗಲ್ಲು ನೈಟ್‌ಶಿಫ್ಟ್

ರೀಲ್‌ಪ್ರೇಮಿ ಸರ್, ನಾನು ಒಡಿಶಾದವನು. ಇಲ್ಲಿ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಬಂದಾಗ ಕನ್ನಡದ ಒಂದು ಅಕ್ಷರ ಗೊತ್ತಿರಲಿಲ್ಲ. ಯಾರೂ ಕೂರಿಸಿ ಕಲಿಸಲಿಲ್ಲ. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ರಾತ್ರಿ ಪಾಳಿಯ ಚಹಾ ಹೊತ್ತಿನಲ್ಲಿ ಸುಮ್ಮನೆ ಕೂತು ಕೇಳಿದೆ. ಈಗ ಇಲ್ಲಿ ನಿಮ್ಮ ಜೊತೆ ವಾದ ಮಾಡುತ್ತಿದ್ದೇನೆ.

ಸಿನಿಮಾದಲ್ಲಿ ಎರಡು ಸಂಗತಿ ಸರಿಯಾಗಿ ಹಿಡಿದಿದ್ದಾರೆ. ಮೊದಲನೆಯದು, ಇವನಿಗೆ ಅರ್ಥ ಆಗುವುದಿಲ್ಲ ಎಂದುಕೊಂಡು ಜನ ಎದುರಿಗೇ ನಿಮ್ಮ ಬಗ್ಗೆ ಮಾತಾಡುತ್ತಾರೆ. ಎರಡನೆಯದು, ಬೇರೆ ಏನು ತಿಳಿಯದಿದ್ದರೂ ಬೈಗುಳ ಬೇಗ ತಿಳಿಯುತ್ತದೆ. ಅಹ್ಮದ್ ಬಾಯಿ ಬಿಡುವುದು ತಾಯಿಯ ಮೇಲೆ ಮಾತು ಬಂದಾಗ. ನಾನೂ ಮೊದಲ ಸಲ ಪೂರ್ತಿ ಕನ್ನಡ ವಾಕ್ಯ ಆಡಿದ್ದು ಸಿಟ್ಟಿನಲ್ಲೇ. ಅವತ್ತಿನಿಂದ ಅವರೆಲ್ಲ ನನ್ನನ್ನು ತಮ್ಮ ಎಂದು ಕರೆಯಲು ಶುರು ಮಾಡಿದರು. ನಾಲ್ಕು ರಾತ್ರಿಯಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಕಣ್ಣು, ಬಾಯಿಯನ್ನೇ ನೋಡುತ್ತಾ ಕೂರುವುದು, ಅದು ಸುಳ್ಳಲ್ಲ.

ಸಿಂಧನೂರ ಸೋನಾ

ಭಾಳ ಚೊಲೊ ಬರದ್ರಿ ತಮ್ಮ.

ಮಸ್ಕಿ ಮಲ್ಲಿಗೆ

ನನಗೂ ಸಿನಿಮಾ ಇಷ್ಟ, ಆದ್ರ ಒಂದು ಸಿಟ್ಟು ಅದ. ರಾಣಿ ವೈಲ್ಯೂ ಪಾತ್ರಕ್ಕ ಡಯಾನ್ ವೆನೋರಾ ಅಂಥ ನಟಿನ್ನ ಕರಕೊಂಡು ಬಂದು ಏನ್ ಮಾಡಿಸ್ಯಾರ? ಎರಡು ಸಲ ನೋಡ್ತಾಳ, ಒಂದು ಸಲ ಮಾತಾಡ್ತಾಳ. ಹಳ್ಳಿ ಒಳಗ ಮಕ್ಕಳನ್ನ ಬಚ್ಚಿಟಗೊಂಡು ಕುಂತ ಹೆಂಗಸರ ಕಥಿ ಎಷ್ಟು ಇರತದ. ರಾತ್ರಿ ಎಲ್ಲ ಗಂಡಸರು ಹೊರಗ ಹೊಡದಾಡತಾರ, ಒಳಗ ಇವರು ಏನ್ ಮಾಡತಿದ್ರು? ಅದನ್ನ ತೋರಿಸಿದ್ರ ಸಿನಿಮಾ ಇನ್ನೂ ತೂಕ ಆಗತಿತ್ತು.

ಒಮರ್ ಷರೀಫ್ ಅವರೂ ಹಂಗ. ‘ಲಾರೆನ್ಸ್ ಆಫ್ ಅರೇಬಿಯಾ’ದಾಗ ಮರೀಚಿಕೆ ಒಳಗಿಂದ ಒಂಟಿ ಮ್ಯಾಲ ಬಂದ ಮನುಷ್ಯಾ. ಇಲ್ಲಿ ಶುರುವಿಗೆ ನಾಕು ಮಾತು ತರ್ಜುಮೆ ಮಾಡಿ ಹೋಗಿಬಿಡ್ತಾರ. ಈ ಸಿನಿಮಾ ಆದ ಮ್ಯಾಲ ಬ್ಯಾಸತ್ತು ನಟನೆನ ಕೆಲ ಕಾಲ ಬಿಟ್ಟಿದ್ರು.

ರೀಲ್‌ಪ್ರೇಮಿ

ನೋಡಿ, ಮೆಚ್ಚುವವರೇ ಒಪ್ಪಿಕೊಳ್ತಿದ್ದಾರೆ. ಇನ್ನು ಕವಚ, ಶಿರಸ್ತ್ರಾಣ. ಒಬ್ಬನ ತಲೆಯ ಮೇಲೆ ರೋಮಿನ ಗ್ಲಾಡಿಯೇಟರ್ ಶಿರಸ್ತ್ರಾಣದಂಥದ್ದು, ಇನ್ನೊಬ್ಬನ ತಲೆಯ ಮೇಲೆ ಹದಿನಾರನೇ ಶತಮಾನದ ಸ್ಪೇನ್ ಸೈನಿಕರದ್ದರಂಥದ್ದು. ಹತ್ತನೇ ಶತಮಾನಕ್ಕೆ ಎರಡೂ ಸಲ್ಲಲ್ಲ. ಅಹ್ಮದ್ ಭಾರದ ಕತ್ತಿಯನ್ನ ಸಾಣೆ ಹಿಡಿದು ಬಾಗಿದ ಕತ್ತಿ ಮಾಡ್ಕೋತಾನೆ. ಆ ಕಾಲದ ಅರಬರ ಕತ್ತಿ ಸಾಮಾನ್ಯವಾಗಿ ನೆಟ್ಟಗೇ ಇರ್ತಿತ್ತು. ಒಟ್ಟಾರೆ ಎಲ್ಲ ಕಟ್ಟುಕಥೆ.

ಕಂಪ್ಲಿ ಮೇಷ್ಟ್ರು

ಕವಚ, ಕತ್ತಿಯ ವಿಚಾರ ಸರಿ. ‘ಎಲ್ಲ ಕಟ್ಟುಕಥೆ’ ಎಂಬುದು ಸರಿಯಲ್ಲ. ಅಹ್ಮದ್ ಇಬ್ನ್ ಫದ್ಲಾನ್ ನಿಜವಾಗಿ ಇದ್ದ ಮನುಷ್ಯ. ಖಲೀಫ ಅಲ್ ಮುಕ್ತದಿರನ ನಿಯೋಗದಲ್ಲಿ 921ರಲ್ಲಿ ಬಾಗ್ದಾದ್ ಬಿಟ್ಟು 922ರಲ್ಲಿ ವೋಲ್ಗಾ ನದಿ ತೀರದ ಬುಲ್ಗಾರರ ರಾಜನ ಬಳಿಗೆ ಹೋದ. ಅಲ್ಲಿ ವ್ಯಾಪಾರಕ್ಕೆ ಬಂದಿದ್ದ ರುಸ್ ಎಂಬ ಉತ್ತರದ ಜನರನ್ನು ಕಂಡು ಬರೆದಿಟ್ಟ. ಖರ್ಜೂರದ ಮರದಷ್ಟು ಎತ್ತರದ ಆಳುಗಳು ಎಂದು ಮೆಚ್ಚಿದ್ದಾನೆ. ಒಂದೇ ಬೋಗುಣಿಯ ನೀರಿನಲ್ಲಿ ಒಬ್ಬರಾದ ಮೇಲೊಬ್ಬರು ಮುಖ ತೊಳೆದು ಮೂಗು ಸೀಟುವುದನ್ನು ಕಂಡು ಹೇಸಿದ್ದಾನೆ. ಆ ಬೋಗುಣಿ ಸಿನಿಮಾದಲ್ಲಿ ಇದೆ. ಅವನ ಬರಹದ ಹಸ್ತಪ್ರತಿ ಇರಾನಿನ ಮಶಹದ್‌ನಲ್ಲಿ 1923ರಲ್ಲಿ ಸಿಕ್ಕಿತು.

ಅವನು ಸ್ಕ್ಯಾಂಡಿನೇವಿಯಾಕ್ಕೆ ಹೋಗಲಿಲ್ಲ, ಯಾವ ರಾಕ್ಷಸರ ಜೊತೆಗೂ ಕಾದಲಿಲ್ಲ. ಆ ಭಾಗ ಹಳೆಯ ಇಂಗ್ಲಿಷ್ ಕಾವ್ಯ ‘ಬಿಯೊವುಲ್ಫ್’ನದು. ಕಾವ್ಯದಲ್ಲಿ ಗ್ರೆಂಡೆಲ್ ಎಂಬ ರಾಕ್ಷಸ, ಅವನ ತಾಯಿ, ಕೊನೆಗೆ ಬೆಂಕಿ ಉಗುಳುವ ಘಟಸರ್ಪ. ಸಿನಿಮಾದಲ್ಲಿ ವೆಂಡಾಲರೆಂಬ ಆ ನರಭಕ್ಷಕರು, ಅವರ ತಾಯಿ, ಪಂಜುಗಳ ಹಾವು. ಕಾವ್ಯದ ನಾಯಕ ಘಟಸರ್ಪದ ವಿಷದಿಂದ ಸಾಯುತ್ತಾನೆ, ಸಿನಿಮಾದಲ್ಲಿ ಯೋಧರ ಮುಖಂಡ ಬುಲಿವೈಫ್ ಆ ತಾಯಿಯ ವಿಷದಿಂದ. ಒಬ್ಬ ಯಾತ್ರಿಕನ ವರದಿಯನ್ನೂ ಒಂದು ಕಾವ್ಯವನ್ನೂ ಹೀಗೆ ಹೊಸೆದು, ಕಾವ್ಯದ ಹಿಂದೆ ಇಂಥದ್ದೇನೋ ನಡೆದಿರಬಹುದೆಂದು ಕಲ್ಪಿಸಿದ್ದು ಕ್ರೈಟನ್ನನ ಜಾಣ್ಮೆ.

ಇನ್ನೊಂದು. ಕೊನೆಯ ಕಾಳಗಕ್ಕೆ ಮುಂಚೆ ಯೋಧರೆಲ್ಲ ಸೇರಿ ಹೇಳುವ ಪ್ರಾರ್ಥನೆ ಇದೆಯಲ್ಲ, ತಂದೆಯನ್ನು ಕಾಣುತ್ತಿದ್ದೇನೆ, ತಾಯಿಯನ್ನು ಕಾಣುತ್ತಿದ್ದೇನೆ ಎಂಬುದು. ಅದರ ಬೇರು ಇಬ್ನ್ ಫದ್ಲಾನನ ಬರಹದಲ್ಲೇ ಇದೆ. ಒಬ್ಬ ಮುಖಂಡನ ಶವವನ್ನು ಹಡಗಿನಲ್ಲಿಟ್ಟು ಸುಡುವಾಗ ಜೊತೆಗೆ ಬಲಿಯಾಗಲಿದ್ದ ದಾಸಿ ಹುಡುಗಿ ಆಡುವ ಮಾತುಗಳವು. ಸಿನಿಮಾ ಅದನ್ನು ಗಂಡಸರ ಬಾಯಿಗೆ ಕೊಟ್ಟಿತು. ಮಸ್ಕಿಯ ಸಹೋದರಿ ಎತ್ತಿದ ಮಾತಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ಮಸ್ಕಿ ಮಲ್ಲಿಗೆ

ಸರ್, ಇದು ಗೊತ್ತಿದ್ದಿಲ್ಲ. ಆ ಪ್ರಾರ್ಥನಿ ಕೇಳಿ ಕಣ್ಣಾಗ ನೀರು ಬಂದಿದ್ವು ನನಗ. ಅದು ಆ ಹುಡುಗಿದು ಅಂದ್ರ... ಇನ್ನ ಮುಂದ ನೋಡಿದಾಗ ಆಕಿನೇ ನೆನಪಾಗ್ತಾಳ.

ಗಂಗಾವತಿ ಗೆಳೆಯ

ಮೇಷ್ಟ್ರ, ನೀವು ಕಂಪ್ಲಿಯವರು, ನಾನು ಹೇಳಬೇಕಂತ ಇದ್ದಿದ್ದು ನಿಮಗ ಗೊತ್ತ ಇರತೈತಿ. ಬುಲಿವೈಫ್ ಮರಳಿನ್ಯಾಗ ಅರಬ್ಬಿ ಅಕ್ಷರ ಬರಿಯೋದು ಕಲೀತಾನಲ್ಲ, ಸಾಯೋ ಮುಂಚೆ ತನ್ನ ಕಥಿ ಯಾರರ ಬರದಿಟ್ರ ತಾನು ಬಡವ ಅಲ್ಲ ಅನ್ನೋ ಅರ್ಥದಾಗ ಮಾತಾಡ್ತಾನಲ್ಲ, ಆಗ ನನಗ ನಮ್ಮ ಕಂಪಿಲಿ ಅರಸನ ಮಗ ಕುಮಾರರಾಮ ನೆನಪಾಗ್ಯಾನ. ಕುಮ್ಮಟದುರ್ಗ ನಮ್ಮ ಜಬ್ಬಲಗುಡ್ಡದ ಹತ್ರನ ಐತಿ. ಬಂಡಿಗಲ್ಲಿನ ಮ್ಯಾಲ ಬಂಡಿಗಲ್ಲು, ನಡುವ ಹಳೇ ಗೋಡಿ. ಅಲ್ಲಿ ನಿಂತ್ರ ಸಾಕು, ಸೆಟ್ ಹಾಕೋದ ಬ್ಯಾಡ. ಕಂಪಿಲಿ ಕಥಿ ಇದಕಿಂತ ಏನ್ ಕಡಿಮಿ ಐತಿ?

ತುಂಗಭದ್ರೆ ದಂಡೆ

ಶಿವಣ್ಣನ ‘ಗಂಡುಗಲಿ ಕುಮಾರರಾಮ’ 2006ರಲ್ಲೇ ಬಂದೈತಲ್ಲ ಅಣ್ಣ.

ಗಂಗಾವತಿ ಗೆಳೆಯ

ಬಂದೈತಿ, ನೋಡೀನಿ, ಅಭಿಮಾನಾನೂ ಐತಿ. ನಾ ಹೇಳೋದು ಹೊರಗಿನವನ ಕಣ್ಣಿಲೆ ತಗದ್ರ ಹೆಂಗಿರತೈತಿ ಅಂತ.

ಕಂಪ್ಲಿ ಮೇಷ್ಟ್ರು

ಹೊರಗಿನವನ ಕಣ್ಣು ನಮಗೆ ಆಗಲೇ ಇದೆ. ಮೊಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲಿಯ ಅರಸನ ಮರೆಹೊಕ್ಕ. ದೆಹಲಿಯ ಸೈನ್ಯ ಮುತ್ತಿತು. ಅರಸ ನಂಬಿ ಬಂದವನನ್ನು ಒಪ್ಪಿಸಲಿಲ್ಲ. ಅವನನ್ನು ನೆರೆಯ ರಾಜನ ಬಳಿಗೆ ಕಳಿಸಿ, ಅರಮನೆಯ ಹೆಂಗಸರು ಬೆಂಕಿಗೆ ಹಾರಿದ ಮೇಲೆ, ತಾನು ಹೊರಬಂದು ಹೋರಾಡಿ ಮಡಿದ. ಇದು 1327ರ ಸುಮಾರಿನ ಮಾತು. ಇದನ್ನು ಬರೆದವನು ಮೊರಾಕ್ಕೊದಿಂದ ಬಂದ ಇಬ್ನ್ ಬತೂತ. ಸೆರೆಯಾಗಿ ದೆಹಲಿಗೆ ಹೋದ ಅರಸುಮಕ್ಕಳಲ್ಲಿ ಮೂವರನ್ನು ತಾನೇ ಕಂಡೆನೆಂದೂ ಬರೆದಿದ್ದಾನೆ. ಅವನ ಬರಹವೂ ಅರಬ್ಬಿಯಲ್ಲೇ. ಇಸಾಮಿ ಎಂಬ ಕವಿ ಪಾರ್ಸಿಯಲ್ಲಿ ಬರೆದಿದ್ದಾನೆ. ನಮ್ಮಲ್ಲಿ ಕುಮಾರರಾಮನನ್ನು ಕುರಿತ ನಂಜುಂಡ ಕವಿಯ ಸಾಂಗತ್ಯ ಕಾವ್ಯ ಬಂದದ್ದು ಆಮೇಲೆ, ಹದಿನಾರನೇ ಶತಮಾನದಲ್ಲಿ.

ಇಬ್ನ್ ಬತೂತನಿಗೆ ಕಂಪಿಲಿಯವರು ಅನ್ಯಮತದವರು, ಸೋತವರು. ಆದರೂ ಅರಸನ ನಡತೆಯನ್ನು ಕಿರಿದು ಮಾಡಿ ಹೇಳಲಿಲ್ಲ. ನಾನು ತರಗತಿಯಲ್ಲಿ ಈ ಭಾಗ ಓದಿ ಹೇಳುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಕೋಟೆಗುಡ್ಡ (ಬಳ್ಳಾರಿ)

ಮೇಷ್ಟ್ರೇ, ನಾನು ಹೇಳೋಕೆ ತಡಕಾಡ್ತಿದ್ದ ಮಾತು ನೀವು ಕೈಗೆ ಕೊಟ್ರಿ. ಈ ಸಿನಿಮಾದ ಅಹ್ಮದ್ ಆ ಉತ್ತರದ ಜನರನ್ನ ಗಲೀಜು ಅಂತಾನೆ, ಅವರ ದೇವರುಗಳನ್ನ ಒಪ್ಪಲ್ಲ, ಅವರು ಕುಡಿಯೋದನ್ನ ಮುಟ್ಟೋಕೆ ಹಿಂದೆಮುಂದೆ ನೋಡ್ತಾನೆ. ಅವರೂ ಇವನ ಸಣ್ಣ ಕುದುರೆ ನೋಡಿ ನಾಯಿ ಅಂತ ನಗ್ತಾರೆ. ಯಾರೂ ಯಾರನ್ನೂ ತಮ್ಮ ಕಡೆ ಎಳ್ಕೊಳ್ಳಲ್ಲ. ಕೊನೆವರೆಗೂ ಅವನು ಮುಸಲ್ಮಾನನೇ, ಅವರು ಓಡಿನ್‌ನ ಮಕ್ಕಳೇ. ಹಂಗಿದ್ದೂ ಒಬ್ಬರ ಪಕ್ಕ ಒಬ್ಬರು ಸಾಯೋಕೆ ನಿಲ್ತಾರೆ, ಉಳಿದವನು ಸತ್ತವನ ಕಥೆ ಬರೀತಾನೆ. 1999ರಲ್ಲಿ ಹಾಲಿವುಡ್ಡಿನವರು ಒಬ್ಬ ಅರಬನನ್ನ ಬಾಂಬು ಬಂದೂಕು ಕೊಡದೆ, ಓದು ಬರಹ ಬಲ್ಲ ನಾಯಕ ಮಾಡಿ ಕೂರಿಸಿದ್ರಲ್ಲ, ಅದಕ್ಕೆ ಎಷ್ಟು ವಿಮರ್ಶೆ ಬೆಲೆ ಕೊಟ್ಟಾವೆ?

ರೀಲ್‌ಪ್ರೇಮಿ

ಆ ಅರಬನ ಪಾತ್ರಕ್ಕೆ ಸ್ಪೇನಿನವನನ್ನ ಹಾಕಿದ್ರು ಅನ್ನೋದನ್ನೂ ಸೇರಿಸಿ ಹೇಳಿ. ಒಳ್ಳೆ ಉದ್ದೇಶಕ್ಕೆ ಮಾರ್ಕ್ಸ್ ಕೊಡೋದಾದ್ರೆ ಕೊಡೋಣ, ಆದರೆ ಸಿನಿಮಾ ಅಂದ್ರೆ ಕಟ್ಟೋದು. ಕಟ್ಟಿದ್ದು ಬಿರುಕು ಬಿಟ್ಟಿದ್ರೆ ಹೇಳಲೇಬೇಕು.

ತುಂಗಭದ್ರೆ ದಂಡೆ

ಬಳ್ಳಾರಿ ಕೋಟೆ ಕಟ್ಟಿಸಿದಾಗ ಏನಾಯ್ತಂತೆ? ಹೈದರಾಲಿ ಫ್ರೆಂಚ್ ಎಂಜಿನಿಯರನ ಕೈಲಿ ಕೋಟೆ ಬಲಪಡಿಸಿದ, ಆಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಐತೆ, ಅಲ್ಲಿಂದ ತೋಪು ಹಾರಿಸಬಹುದು ಅಂತ ಗೊತ್ತಾಗಿ ಎಂಜಿನಿಯರನ್ನ ಗಲ್ಲಿಗೆ ಹಾಕಿಸಿದ ಅಂತ ನಮ್ಮಜ್ಜ ಹೇಳ್ತಿದ್ರು. ಅಷ್ಟು ದೊಡ್ಡ ತಪ್ಪಿರೋ ಕೋಟೇನ ಬಳ್ಳಾರಿಯವರು ಬಿಟ್ಟೀವಾ ರೀಲ್‌ಪ್ರೇಮಿ ಅಣ್ಣ? ಅದನ್ನ ಹತ್ತಿ ನಿಂತ್ರೆ ಊರೆಲ್ಲ ಕಾಣುತ್ತೆ.

ಕಂಪ್ಲಿ ಮೇಷ್ಟ್ರು

ಎಂಜಿನಿಯರನ ಗಲ್ಲಿನ ಕಥೆ ಜನರ ಬಾಯಲ್ಲಿ ಇರುವುದು. ಮೇಲಿನ ಕೋಟೆ ಹಂಡೆ ಹನುಮಪ್ಪ ನಾಯಕನದು, ಕೆಳಗಿನದು ಹೈದರನ ಕಾಲದ್ದು ಎಂಬುದನ್ನು ಮರೆಯಬಾರದು.

ರೀಲ್‌ಪ್ರೇಮಿ

ಒಪ್ಪಿದೆ, ಕೋಟೆ ಹತ್ತೋಣ. ಎಂಜಿನಿಯರ್ ತಪ್ಪು ಮಾಡಿದ ಅಂತಲೂ ಹೇಳ್ತಾ ಹತ್ತೋಣ.

ಕೊಪ್ಪಳದ ಕುದುರಿ

ಕುದುರಿ ಮಾತು ಬಂತು ಅಂತ ಬಂದೆ. ನಾಯಿ ಅಂತ ನಕ್ಕವರ ಮುಂದ ಅಹ್ಮದ್ ಆ ಸಣ್ಣ ಕುದುರಿ ಮ್ಯಾಲ ಜಿಗಿದು ಜಿಗಿದು ತೋರಿಸೋ ದೃಶ್ಯ ನನ್ನ ಜೀವ. ಅರಬ್ಬಿ ಕುದುರಿ ನೋಡಾಕ ಸಣ್ಣದು, ಆದ್ರ ಹಗುರ ಮೈ, ದಮ್ಮು ಭಾಳ. ವಿಜಯನಗರದ ಅರಸರು ಇದಕ್ಕಂತನ ಸಮುದ್ರದಾಚೆಯಿಂದ ಕುದುರಿ ತರಿಸ್ತಿದ್ರು. ಭಟ್ಕಳ, ಗೋವಾ ಬಂದರಿಗೆ ಹಡಗಿನ್ಯಾಗ ಬರ್ತಿದ್ದವು, ಪೋರ್ಚುಗೀಸರು ಬಂದ ಮ್ಯಾಲ ಆ ವ್ಯಾಪಾರ ಅವರ ಕೈಗೆ ಹೋತು. ಹಂಪಿಗೆ ಹೋದ್ರ ಮಹಾನವಮಿ ದಿಬ್ಬದ ಗೋಡಿ ನೋಡ್ರಿ, ಹಜಾರರಾಮ ಗುಡಿ ಹೊರಗೋಡಿ ನೋಡ್ರಿ. ಸಾಲುಸಾಲು ಕುದುರಿ, ಅವನ್ನ ಹಿಡಕೊಂಡು ನಡಿಯೋ ಜನ. ದಿಬ್ಬದ ಕಲ್ಲಿನ್ಯಾಗ ಟೊಪ್ಪಿಗಿ ಹಾಕಿದ ಪರದೇಶಿ ಮಂದಿನೂ ಅದಾರ. ವಿಮರ್ಶೆ ಬರದವರು ಯಾರರ ಈ ಕುದುರಿ ಬಗ್ಗೆ ಒಂದು ಸಾಲು ಬರದಾರೇನು?

ಸಿಂಧನೂರ ಸೋನಾ

ಕುದುರಿ ಆತು, ಕೋಟಿ ಆತು. ಯಾರರ ಒಗ್ಗರಣಿ ಮಿರ್ಚಿ ತರಸ್ರಿ, ಕುಂತು ಎಲ್ಲರೂ ಸಿನಿಮಾ ನೋಡಾಮ.

ರೀಲ್‌ಪ್ರೇಮಿ

ಒಗ್ಗರಣೆ ಮಿರ್ಚಿ ಇದ್ರೆ ನಾನೂ ಬರ್ತೀನಿ. ಗೋಲ್ಡ್‌ಸ್ಮಿತ್ ಸಂಗೀತಕ್ಕೋಸ್ಕರ ಇನ್ನೊಮ್ಮೆ ನೋಡಬಹುದು, ಅದನ್ನ ನಾನು ಯಾವತ್ತೂ ಅಲ್ಲಗಳೆದಿಲ್ಲ. ಕೊನೆಯ ಯುದ್ಧ ಮಳೆಯಲ್ಲಿ ನಿಧಾನಕ್ಕೆ ಬರುತ್ತಲ್ಲ, ಬುಲಿವೈಫ್ ನಡೆಯೋಕಾಗದೆ ಹೆಜ್ಜೆ ಎಳೀತಾ ಬರೋದು, ಅಲ್ಲಿ ವ್ಲಾದಿಮಿರ್ ಕುಲಿಚ್ ಮಾತೇ ಆಡದೆ ಪಾತ್ರ ಹೊತ್ತಿದ್ದಾನೆ. ಆದರೆ ವಿಗ್ಲಿಫ್ ಎಲ್ಲಿ ಹೋದ ಅಂತ ನಾನು ಕೇಳೋದು ಬಿಡಲ್ಲ.

ಕೋಟೆಗುಡ್ಡ (ಬಳ್ಳಾರಿ)

ಕೇಳ್ರಿ, ಕೇಳ್ತಾನೇ ಇರ್ರಿ. ಮೆಕ್‌ಟಿಯರ್ನನ್ ಮೊದಲು ಕಟ್ಟಿದ ರೂಪ ಯಾವತ್ತಾದ್ರೂ ಹೊರಗೆ ಬಂದ್ರೆ ಮೊದಲು ನಿಮಗೇ ತಿಳಿಸ್ತೀನಿ. ಜನ ಕೇಳೋದು ಬಿಟ್ರೆ ಅದು ಬರೋದೇ ಇಲ್ಲ.

ಮಸ್ಕಿ ಮಲ್ಲಿಗೆ

ಒಂದು ಮಾತು ಕೇಳೋದಿತ್ತು. ನನ್ನ ಮಗ ಆರನೇ ಕ್ಲಾಸ್. ಇಬ್ನ್ ಬತೂತ, ಕುಮಾರರಾಮ ಅಂತ ನೀವು ಬರದಿದ್ದು ಓದಿ ಹೇಳಿದೆ, ಸಿನಿಮಾ ನೋಡಬೇಕು ಅಂತ ಹಟ ಹಿಡದಾನ. ತೋರಿಸಬಹುದೇನು?

ಕೋಟೆಗುಡ್ಡ (ಬಳ್ಳಾರಿ)

ಈಗ ಬ್ಯಾಡ ಅಕ್ಕ. ತಲೆ ಕಡಿಯೋದು, ಅರ್ಧ ತಿಂದ ಹೆಣ ಎಲ್ಲ ಐತೆ, ಅಮೆರಿಕದಲ್ಲೂ ಅದಕ್ಕೆ ‘ಆರ್’ ಸರ್ಟಿಫಿಕೇಟ್. ಬೆಂಕಿ ಮುಂದೆ ಭಾಷೆ ಕಲಿಯೋ ಭಾಗ, ಕುದುರೆ ಜಿಗಿಯೋ ಭಾಗ ಎರಡೂ ತೋರಿಸಿ ಸಾಕು. ಹತ್ತನೇ ಕ್ಲಾಸ್ ಮುಗಿದ ಮೇಲೆ ಪೂರ್ತಿ ನೋಡ್ಲಿ.

ಗಂಗಾವತಿ ಗೆಳೆಯ

ಅಲ್ಲೀತನ ಒಂದ್ಸಲ ಕುಮ್ಮಟದುರ್ಗಕ್ಕ ಕರಕೊಂಡು ಬರ್ರಿ ಅಕ್ಕ. ಬಿಸಲು ಇಳದ ಮ್ಯಾಲ ಬರ್ರಿ, ನೀರು ತಗೊಂಡು ಬರ್ರಿ. ನಾ ತೋರಸ್ತೀನಿ.